ಫ್ಲೈಓವರ್ ಇಳಿದ ತಕ್ಷಣ ಜಾಮ್ ಯಾಕೆ? ಹೆಬ್ಬಾಳದ ಲೆಕ್ಕ

[ದೃಶ್ಯ: ಬೆಳಿಗ್ಗೆ ಒಂಬತ್ತು ಗಂಟೆ. ಹೆಬ್ಬಾಳದ ಬಸ್ ನಿಲ್ದಾಣ. ಕ್ಯಾಮೆರಾ ಮೆಲ್ಲಗೆ ಫ್ಲೈಓವರ್ ಕಡೆಗೆ ತಿರುಗುತ್ತದೆ.]

ನಮಸ್ಕಾರ. ನಾನೀಗ ಬೆಂಗಳೂರಿನ ಹೆಬ್ಬಾಳದಲ್ಲಿದ್ದೇನೆ. ಮೇಲೆ ನೋಡಿ. ಏರ್‌ಪೋರ್ಟ್ ಕಡೆಯಿಂದ ಬಂದ ಗಾಡಿಗಳು ಒಂದರ ಹಿಂದೆ ಒಂದು ನಿಂತಿವೆ. ಅಲ್ಲಿ ಸಿಗ್ನಲ್ ಇಲ್ಲ. ಗಾಡಿ ಕೆಟ್ಟು ನಿಂತಿಲ್ಲ. ರಸ್ತೆ ಅಗೆದಿಲ್ಲ. ಮತ್ತೆ ಯಾಕೆ ನಿಂತಿವೆ?

ಇವತ್ತು ನೋಡಬೇಕಾಗಿರುವುದು ಇದನ್ನೇ. ಯಾಕಂದ್ರೆ ನಮ್ಮೂರಲ್ಲಿ ಜಾಮ್ ಆದ ಕಡೆಯಲ್ಲೆಲ್ಲ ಕೇಳಿಬರುವ ಮಾತು ಒಂದೇ: "ಇಲ್ಲೊಂದು ಫ್ಲೈಓವರ್ ಹಾಕಿಬಿಟ್ಟರೆ ಸಾಕು." ಆ ಮಾತನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ.

[ದೃಶ್ಯ: ಬಿಳಿ ಹಲಗೆ. ಒಂದು ರಸ್ತೆ, ಅದರ ಮೇಲೆ ಎರಡು ಸಿಗ್ನಲ್.]

ಒಂದು ಸಣ್ಣ ಲೆಕ್ಕ ಮಾಡೋಣ. ಒಂದೇ ಲೇನ್ ತೆಗೆದುಕೊಳ್ಳಿ. ಗಾಡಿಗಳು ಸರಾಗವಾಗಿ ಹೋಗುತ್ತಿದ್ದರೆ ಸುಮಾರು ಎರಡು ಸೆಕೆಂಡಿಗೆ ಒಂದು ಕಾರು ದಾಟುತ್ತದೆ. ಅಂದರೆ ಗಂಟೆಗೆ ಸುಮಾರು 1,800 ಕಾರು. ಈಗ ಅದೇ ರಸ್ತೆಗೆ ಸಿಗ್ನಲ್ ಹಾಕಿ. 120 ಸೆಕೆಂಡಿನಲ್ಲಿ ನಮ್ಮ ಕಡೆಗೆ ಹಸಿರು ಬರುವುದು 30 ಸೆಕೆಂಡ್ ಮಾತ್ರ ಅಂದುಕೊಳ್ಳಿ. ಆಗ ಒಂದು ಸಲಕ್ಕೆ ದಾಟುವುದು 15 ಕಾರು. ಗಂಟೆಗೆ 450.

ಈಗ ಮೊದಲ ಸಿಗ್ನಲ್ ಮೇಲೆ ಫ್ಲೈಓವರ್ ಕಟ್ಟಿದೆವು. ಅಲ್ಲಿ 450ರ ಬದಲು 1,800 ಕಾರು ದಾಟಬಹುದು. ನಾಲ್ಕು ಪಟ್ಟು! ಉದ್ಘಾಟನೆಯ ದಿನ ಎಲ್ಲರಿಗೂ ಖುಷಿ. ಆದರೆ ಮುಂದೆ ಎರಡನೇ ಸಿಗ್ನಲ್ ಇದೆಯಲ್ವಾ? ಅದು ಇನ್ನೂ 450 ಕಾರನ್ನೇ ಬಿಡುತ್ತದೆ. ಮೊದಲು ಆ ಹಿಂದಿನ ಸಿಗ್ನಲ್ಲೇ ಗಾಡಿಗಳನ್ನು ತಡೆತಡೆದು ಇದಕ್ಕೆ ಕಳಿಸುತ್ತಿತ್ತು. ಈಗ ತಡೆಯುವವರಿಲ್ಲ. ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಸಾಲು ಬೆಳೆದು ಬೆಳೆದು ಫ್ಲೈಓವರ್‌ನ ಇಳಿಜಾರು ಹತ್ತಿ, ಮೇಲೆಯೇ ನಿಂತುಬಿಡುತ್ತದೆ.

ಸಿಲ್ಕ್ ಬೋರ್ಡ್ ಇರಲಿ, ಹೆಬ್ಬಾಳ ಇರಲಿ, ಇಳಿಯುವ ಬಾಯಲ್ಲಿ ನಾವು ಬ್ರೇಕ್ ಮೇಲೆ ಕಾಲಿಟ್ಟು ಕೂರುವುದಕ್ಕೆ ಮುಖ್ಯ ಕಾರಣ ಇದೇ.

[ದೃಶ್ಯ: ನಕ್ಷೆ. ದೇವನಹಳ್ಳಿ, ಯಲಹಂಕ, ಹೆಬ್ಬಾಳ, ಮೇಖ್ರಿ ಸರ್ಕಲ್.]

ಹೆಬ್ಬಾಳದ ಕಥೆ ಸ್ವಲ್ಪ ವಿಶೇಷ. ಈ ಫ್ಲೈಓವರ್ ಶುರುವಾಗಿದ್ದು 2003ರಲ್ಲಿ. ಆಗ ವಿಮಾನ ಹತ್ತಬೇಕಾದರೆ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಹೋಗಬೇಕಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ಏರ್‌ಪೋರ್ಟ್ ಶುರುವಾಯಿತು. ಅದರ ಹಿಂದೆಯೇ ಮನೆಗಳು, ಲೇಔಟ್‌ಗಳು, ಆಫೀಸುಗಳು ಬಂದವು. ಏರ್‌ಪೋರ್ಟಿನಿಂದ ಹೆಬ್ಬಾಳದವರೆಗೆ, ಸ್ವಲ್ಪ ದೂರ ಎತ್ತರಿಸಿ ಕಟ್ಟಿದ ಹೆದ್ದಾರಿಯೂ ಬಂತು. ಅಂದರೆ ಅಷ್ಟು ದೂರ ಹೆಚ್ಚು ಅಡ್ಡಿಯಿಲ್ಲದೆ ಓಡಿಬಂದ ಗಾಡಿಗಳು ಹೆಬ್ಬಾಳದಲ್ಲಿ ಕಡಿಮೆ ಲೇನ್‌ಗಳೊಳಗೆ ನುಗ್ಗಬೇಕು. ಅದೇ ಜಾಗಕ್ಕೆ ಕೆ.ಆರ್. ಪುರದ ಕಡೆಯಿಂದ ಹೊರವರ್ತುಲ ರಸ್ತೆಯ ಗಾಡಿಗಳೂ ಬಂದು ಸೇರುತ್ತಿದ್ದವು.

2025ರ ಆಗಸ್ಟ್‌ನಲ್ಲಿ ಇಲ್ಲಿ ಸುಮಾರು 700 ಮೀಟರ್ ಉದ್ದದ ಹೊಸ ಲೂಪ್ ತೆರೆದರು. ಕೆ.ಆರ್. ಪುರದಿಂದ ಬಂದವರು ಈಗ ಬೇರೆ ದಾರಿಯಲ್ಲಿ ಮೇಖ್ರಿ ಸರ್ಕಲ್ ಕಡೆಗೆ ಇಳಿಯಬಹುದು. ಒಬ್ಬರಿಗೊಬ್ಬರು ಅಡ್ಡ ಬರುವುದು ಕಡಿಮೆಯಾದರೆ ಒಳ್ಳೆಯದೇ. ಆದರೆ ಎರಡೂ ಸಾಲು ಕೊನೆಗೆ ಸೇರುವುದು ಮೇಖ್ರಿ ಸರ್ಕಲ್‌ಗೆ ಹೋಗುವ ಅದೇ ಬಳ್ಳಾರಿ ರಸ್ತೆಗೆ.

[ದೃಶ್ಯ: ಖಾಲಿ ಹೊಸ ರಸ್ತೆ. ನಿಧಾನವಾಗಿ ಗಾಡಿಗಳು ತುಂಬುತ್ತವೆ.]

"ಹಾಗಾದರೆ ಮುಂದಿನ ಸಿಗ್ನಲ್ ಮೇಲೂ ಫ್ಲೈಓವರ್ ಕಟ್ಟಿ. ಅದರ ಮುಂದಿನದಕ್ಕೂ ಕಟ್ಟಿ" ಅಂತ ನೀವು ಕೇಳಬಹುದು. ಸರಿ, ಕಟ್ಟಿದೆವು ಅಂತಲೇ ಇಟ್ಟುಕೊಳ್ಳೋಣ.

ಜಾಮ್‌ಗೆ ಹೆದರಿ ಬೆಳಿಗ್ಗೆ ಆರೂವರೆಗೇ ಮನೆ ಬಿಡುತ್ತಿದ್ದವರು ಈಗ ಎಂಟೂವರೆಗೆ ಹೊರಡುತ್ತಾರೆ. ಬಸ್ಸಿನಲ್ಲಿ ಹೋಗುತ್ತಿದ್ದವರು ಸಾಲ ಮಾಡಿ ಕಾರು ತೆಗೆದುಕೊಳ್ಳುತ್ತಾರೆ. "ರಸ್ತೆ ಚೆನ್ನಾಗಿದೆ" ಅಂತ ಇನ್ನೂ ಹತ್ತು ಕಿಲೋಮೀಟರ್ ಆಚೆ ಸೈಟ್ ಕೊಳ್ಳುತ್ತಾರೆ. ಇವರಲ್ಲಿ ಯಾರದ್ದೂ ತಪ್ಪಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತೇನೆ. ಆದರೆ ಎಲ್ಲರೂ ಸೇರಿ ಆ ಹೊಸ ರಸ್ತೆಯನ್ನು ಕೆಲವೇ ವರ್ಷಗಳಲ್ಲಿ ತುಂಬಿಸಿಬಿಡುತ್ತೇವೆ. ಆಂಥನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲೇ ಈ ವಿಷಯ ಬರೆದಿದ್ದರು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬ ಇಬ್ಬರು ಅಮೆರಿಕದ ನಗರಗಳ ಲೆಕ್ಕ ತೆಗೆದರು. ಹೆದ್ದಾರಿ ಎಷ್ಟು ಪಾಲು ಹೆಚ್ಚಿತೋ, ಗಾಡಿಗಳ ಓಡಾಟವೂ ಹೆಚ್ಚುಕಮ್ಮಿ ಅಷ್ಟೇ ಪಾಲು ಹೆಚ್ಚಿತ್ತು.

ಬೆಂಗಳೂರಿನಲ್ಲಿ ಈಗ ಒಂದು ಕೋಟಿಗೂ ಜಾಸ್ತಿ ವಾಹನಗಳಿವೆ. ಜಾಗ ಕೊಟ್ಟರೆ ಬರೋಕೆ ಗಾಡಿಗಳಿಗೇನು ಕೊರತೆ?

ಫ್ಲೈಓವರ್ ಎಲ್ಲೂ ಬೇಡ ಅಂತ ನಾನು ಹೇಳುತ್ತಿಲ್ಲ. ರೈಲು ಹಳಿ ದಾಟಬೇಕಾದ ಕಡೆ ಬೇಕೇ ಬೇಕು. ಕೆ.ಆರ್. ಪುರದ ತೂಗುಸೇತುವೆ ಇಲ್ಲದಿದ್ದರೆ ಅಲ್ಲಿ ಏನಾಗುತ್ತಿತ್ತು ಅಂತ ಯೋಚಿಸಿ. ಊರೊಳಗೆ ಕೆಲಸವೇ ಇಲ್ಲದ ಲಾರಿಗಳು ಹೊರಗಿನಿಂದಲೇ ದಾಟಿಹೋಗುವುದಕ್ಕೂ ಬೇಕು. ನನ್ನ ತಕರಾರು ಇರುವುದು ಊರಿನ ನಡುವೆ, ಕಾರುಗಳಿಗೋಸ್ಕರ, ಒಂದಾದ ಮೇಲೆ ಒಂದು ಕಟ್ಟುವುದಕ್ಕೆ.

ಕಟ್ಟುವ ಕಾಲದ ಕಷ್ಟ ಬೇರೆ. ಈಜಿಪುರ ಫ್ಲೈಓವರ್ ಕೆಲಸ ಶುರುವಾಗಿದ್ದು 2017ರಲ್ಲಿ. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಹೈಸ್ಕೂಲಿಗೆ ಬಂದರೂ ಅಲ್ಲಿ ಕಂಬಗಳೇ ನಿಂತಿದ್ದವು.

[ದೃಶ್ಯ: ಮತ್ತೆ ಬಸ್ ನಿಲ್ದಾಣ. ಕೈಯಲ್ಲಿ ಊಟದ ಡಬ್ಬಿ ಹಿಡಿದ ಹೆಂಗಸರು, ಬ್ಯಾಗ್ ಹೊತ್ತ ಹುಡುಗರು.]

ಈಗ ಕೆಳಗೆ ಬನ್ನಿ. ನನ್ನ ಪಕ್ಕದಲ್ಲಿ ನಿಂತಿರುವ ಇವರನ್ನು ನೋಡಿ. ಬಸ್ಸಿಗೆ ಕಾಯುತ್ತಿದ್ದಾರೆ. ಬಸ್ ಅದೋ ಅಲ್ಲಿ, ಮೇಲಿನ ಸಾಲಿನಲ್ಲಿ ಸಿಕ್ಕಿಕೊಂಡಿದೆ. ಇಲ್ಲಿಂದಲೇ ಅದರ ಮೇಲ್ಭಾಗ ಕಾಣುತ್ತಿದೆ. ಆ ಬಸ್ಸಿನಲ್ಲಿ ಅರವತ್ತು ಜನ ಇರಬಹುದು. ಅದರ ಮುಂದಿನ ಕಾರಿನಲ್ಲಿ ಒಬ್ಬರೇ ಇದ್ದಾರೆ. ಇಬ್ಬರಿಗೂ ಕಾಯುವ ಹೊತ್ತು ಒಂದೇ. ನನಗೆ ನಿಜವಾಗಿ ಬೇಸರ ಆಗುವುದು ಇದನ್ನು ನೋಡಿದಾಗ.

ಹಾಗಾಗಿ ಲೆಕ್ಕವನ್ನು ಗಾಡಿಯಿಂದ ಜನಕ್ಕೆ ಬದಲಿಸೋಣ. ಒಂದು ಲೇನಿನಲ್ಲಿ ಗಂಟೆಗೆ 1,800 ಕಾರು, ಕಾರಿಗೆ ಒಂದೂವರೆ ಜನ ಅಂದರೂ 2,700 ಜನ. ಅದೇ ಲೇನನ್ನು ಬಸ್ಸಿಗೆ ಬಿಟ್ಟು, ಅರ್ಧ ನಿಮಿಷಕ್ಕೆ ಒಂದು ಬಸ್ ಓಡಿಸಿ. 120 ಬಸ್, ಬಸ್ಸಿಗೆ 60 ಜನ. ಒಟ್ಟು 7,200 ಜನ! ಇದಕ್ಕೆ ಹೊಸ ಕಂಬ ನಿಲ್ಲಿಸಬೇಕಾಗಿಲ್ಲ.

ಇದನ್ನು ಬೆಂಗಳೂರು ಮಾಡಿ ನೋಡಿದೆ. 2019ರ ನವೆಂಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಬಸ್ಸಿಗೇ ಒಂದು ಲೇನ್ ಬಿಟ್ಟಿದ್ದರು. ಗಡಿಗೆ ಸಣ್ಣ ಸಣ್ಣ ಗೂಟಗಳನ್ನೂ ನೆಟ್ಟಿದ್ದರು. ಬಸ್‌ಗಳು ಬೇಗ ಹೋಗತೊಡಗಿದವು. ಆಮೇಲೆ ಕೊರೊನಾ ಬಂತು, ಅದೇ ರಸ್ತೆಯಲ್ಲಿ ಮೆಟ್ರೋ ಕಾಮಗಾರಿ ಬಂತು, ಲೇನ್ ಮಾಯವಾಯಿತು.

[ದೃಶ್ಯ: ಸೋಲ್ ನಗರದ ಛಂಗ್ಯೆಛನ್ ತೊರೆಯ ದಂಡೆ.]

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಛಂಗ್ಯೆಛನ್ ಎಂಬ ತೊರೆಯ ಮೇಲೆ ಕಾಂಕ್ರೀಟ್ ಮುಚ್ಚಿ, ಅದರ ಮೇಲೆ ಎತ್ತರದ ರಸ್ತೆ ಕಟ್ಟಿದ್ದರು. 2003ರಲ್ಲಿ ಅದನ್ನು ಕೆಡವಲು ಶುರು ಮಾಡಿದರು. 2005ರ ಹೊತ್ತಿಗೆ ತೊರೆ ಮತ್ತೆ ಹೊರಗೆ ಬಂತು. ಊರು ಸ್ತಬ್ಧ ಆಗಲಿಲ್ಲ. ಅದು ಸುಮ್ನೆ ಆದದ್ದಲ್ಲ. ನಡುವೆ, 2004ರಲ್ಲಿ, ಅವರು ಬಸ್ ವ್ಯವಸ್ಥೆಯನ್ನೇ ಹೊಸದಾಗಿ ಜೋಡಿಸಿ, ರಸ್ತೆಯ ನಡುವೆ ಬಸ್ಸಿಗೆ ಬೇರೆ ಲೇನ್ ಕೊಟ್ಟಿದ್ದರು.

ನಮ್ಮ ಜನಕ್ಕೂ ಇದು ಗೊತ್ತಿಲ್ಲದ್ದೇನಲ್ಲ. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉದ್ದದ ಸ್ಟೀಲ್ ಫ್ಲೈಓವರ್ ಕಟ್ಟಲು ಹೊರಟಾಗ, 800ಕ್ಕೂ ಹೆಚ್ಚು ಮರಗಳು ಉರುಳುವುದರಲ್ಲಿದ್ದವು. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ದಾರಿಯುದ್ದಕ್ಕೂ ಕೈ ಹಿಡಿದು "ಬೇಡ" ಅಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ಯೋಜನೆ ಇದೆ. ಉದ್ದ ಸುಮಾರು 17 ಕಿಲೋಮೀಟರ್. ಮೇಲೆ ಹೋಗುವ ಬದಲು ಕೆಳಗೆ ಹೋಗುತ್ತೇವೆ. ಸುರಂಗದಿಂದ ಹೊರಬಂದ ಕಾರು ನಿಲ್ಲುವುದು ಎಲ್ಲಿ? ಆಗಲೇ ಹಲಗೆಯ ಮೇಲೆ ಬರೆದ ಎರಡನೇ ಸಿಗ್ನಲ್ ನೆನಪಿದೆ ಅಲ್ವಾ?

[ದೃಶ್ಯ: ಬಸ್ ಕೊನೆಗೂ ಕೆಳಗಿಳಿದು ನಿಲ್ದಾಣಕ್ಕೆ ಬರುತ್ತದೆ. ಜನ ಹತ್ತುತ್ತಾರೆ.]

ನಿಮ್ಮ ಏರಿಯಾದ ಫ್ಲೈಓವರ್ ಎಲ್ಲಿ ಇಳಿಯುತ್ತದೆ ಅಂತ ಒಮ್ಮೆ ನಿಂತು ನೋಡಿ. ಮುಂದಿನ ಸಿಗ್ನಲ್‌ನಲ್ಲಿ ಹಸಿರು ಎಷ್ಟು ಸೆಕೆಂಡ್ ಇರುತ್ತದೆ ಅಂತ ಎಣಿಸಿ ನಮಗೆ ಬರೆದು ಕಳಿಸಿ. ಮುಂದಿನ ವಿಡಿಯೋದಲ್ಲಿ ಆ ಲೆಕ್ಕವನ್ನು ಒಟ್ಟಿಗೆ ಮಾಡೋಣ. ನನ್ನ ಬಸ್ ಬಂತು, ಹತ್ತುತ್ತೇನೆ.