ಹೃದಯದ ತಾಳ ತಪ್ಪಿದರೆ ನರ ಕತ್ತರಿಸುವುದೇಕೆ?

[ತೆರೆ: ಕತ್ತಲ ಕೋಣೆ. ಅಲಾರಾಂ ಸದ್ದು.]

ಬೆಳಗ್ಗೆ ಅಲಾರಾಂ ಹೊಡೆಯಿತು. ಹುಡುಗಿ ಬೆಚ್ಚಿ ಎದ್ದಳು, ಎದ್ದವಳೇ ಕುಸಿದು ಬಿದ್ದಳು. ಮನೆಯವರು ಫಿಟ್ಸ್ ಅಂದುಕೊಂಡರು. ಹೀಗೆ ಫಿಟ್ಸ್ ಮಾತ್ರೆ ನುಂಗುತ್ತಾ ವರ್ಷ ಕಳೆದ ಮಕ್ಕಳಿದ್ದಾರೆ. ಕಾಯಿಲೆ ಮಾತ್ರ ಹೃದಯದ್ದು: ಲಾಂಗ್ ಕ್ಯೂಟಿ ಸಿಂಡ್ರೋಮ್.

[ತೆರೆ: ಇಸಿಜಿ ಗೆರೆ.]

ಒಂದು ಬಡಿತ ಮುಗಿದ ಮೇಲೆ ಹೃದಯದ ಕೋಶಗಳು ಮುಂದಿನದಕ್ಕೆ ಮತ್ತೆ ಚಾರ್ಜ್ ಆಗಬೇಕು. ಇಲ್ಲಿ ಅದು ತಡವಾಗುತ್ತದೆ. ಇಸಿಜಿ ಗೆರೆಯಲ್ಲಿ ಕ್ಯೂ, ಟಿ ಎಂದು ಹೆಸರಿಟ್ಟ ಏರಿಳಿತಗಳಿವೆ; ಕ್ಯೂನಿಂದ ಟಿವರೆಗಿನ ಅಂತರ ಹಿಗ್ಗುತ್ತದೆ. 500 ಮಿಲಿಸೆಕೆಂಡ್ ದಾಟಿದರೆ ಅಪಾಯ ಹೆಚ್ಚು. ಆ ಹೊತ್ತಿಗೆ ಬೆಚ್ಚಿಬಿದ್ದರೆ, ಕೆಲವರಿಗೆ ಈಜಿದರೂ ಸಾಕು, ಹೃದಯದ ಕೆಳಕೋಣೆಗಳು ತಾಳಗೆಟ್ಟು ಅದುರತೊಡಗುತ್ತವೆ. ಮಿದುಳಿಗೆ ರಕ್ತ ಹೋಗುವುದಿಲ್ಲ.

ಮೊದಲ ಮದ್ದು ಬೀಟಾ ಬ್ಲಾಕರ್ ಮಾತ್ರೆ, ಹೃದಯದ ಮೇಲೆ ಅಡ್ರಿನಲಿನ್ ಎಂಬ ಗಾಬರಿಯ ಹಾರ್ಮೋನಿನ ಪ್ರಭಾವ ತಗ್ಗಿಸುವಂಥದ್ದು. ಬಹಳ ಜನಕ್ಕೆ ಅಷ್ಟೇ ಸಾಕು. ಸಾಲದಿದ್ದರೆ ಎದೆಯಲ್ಲಿ ಐಸಿಡಿ ಎಂಬ ಪುಟ್ಟ ಯಂತ್ರ ಕೂರಿಸುತ್ತಾರೆ, ತಾಳ ತಪ್ಪಿದಾಗ ಅದು ಶಾಕ್ ಕೊಟ್ಟು ಜೀವ ಉಳಿಸುತ್ತದೆ. ಆದರೆ ಎಚ್ಚರವಿದ್ದಾಗ ಶಾಕ್ ಬಿದ್ದರೆ? ನೋವು, ಭಯ. ಭಯಕ್ಕೆ ಅಡ್ರಿನಲಿನ್ ಏರುತ್ತದೆ, ಏರಿದ್ದಕ್ಕೆ ಮತ್ತೆ ತಾಳ ತಪ್ಪುತ್ತದೆ, ಮತ್ತೆ ಶಾಕ್. 24 ಗಂಟೆಯಲ್ಲಿ 3 ಸಲ ಅಥವಾ ಇನ್ನೂ ಹೆಚ್ಚು ಹೀಗಾದರೆ ವೈದ್ಯರು ಅದನ್ನು ಎಲೆಕ್ಟ್ರಿಕಲ್ ಸ್ಟಾರ್ಮ್ ಅನ್ನುತ್ತಾರೆ. ನರ ಕತ್ತರಿಸುವ ಇನ್ನೊಂದು ದಾರಿ ಬೇಕಾಗುವುದು ಇಲ್ಲಿ.

[ತೆರೆ: ಬೆನ್ನುಮೂಳೆ, ಪಕ್ಕದಲ್ಲಿ ನರದ ಸರ.]

ಬೆನ್ನುಮೂಳೆಯ ಎರಡೂ ಮಗ್ಗುಲಲ್ಲಿ ಸಿಂಪಥೆಟಿಕ್ ನರದ ಸರ ಇಳಿದಿದೆ, ನಡುನಡುವೆ ಗಂಟುಗಳು. ಕತ್ತಿನ ಬುಡದ ಗಂಟಿಗೆ ಸ್ಟೆಲ್ಲೇಟ್ ಎಂದು ಹೆಸರು. ‘ಓಡು, ಹೋರಾಡು’ ಎಂಬ ಆಜ್ಞೆ ಹೃದಯಕ್ಕೆ ಹೋಗುವುದು ಈ ಸರದಿಂದಲೇ. ಎಡಗಡೆಯದು ಕೆಳಕೋಣೆಗಳ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆ, ಬಲಗಡೆಯದು ಬಡಿತದ ವೇಗದ ಮೇಲೆ. ಅದಕ್ಕೇ ಎಡಗಡೆಯದನ್ನು ತೆಗೆದರೂ ಬಡಿತ ಅಷ್ಟಾಗಿ ನಿಧಾನವಾಗುವುದಿಲ್ಲ. ನನಗೆ ಇದು ದೇಹದ ದೊಡ್ಡ ಉಪಕಾರ ಅನ್ನಿಸುತ್ತದೆ.

ಶಸ್ತ್ರವೈದ್ಯರು ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ, ಎಡಬದಿಯ ಸ್ಟೆಲ್ಲೇಟ್ ಗಂಟಿನ ಕೆಳ ಅರ್ಧ ಮತ್ತು ಅದರ ಕೆಳಗಿನ ಕೆಲವು ಗಂಟುಗಳನ್ನು ತೆಗೆಯುತ್ತಾರೆ. ಹೃದಯವನ್ನು ಮುಟ್ಟುವುದೇ ಇಲ್ಲ. ಮೇಲರ್ಧವನ್ನು ಬಿಡುವುದು ಕಣ್ಣಿಗಾಗಿ: ಅದಕ್ಕೆ ಪೆಟ್ಟಾದರೆ ಎಡಗಣ್ಣಿನ ರೆಪ್ಪೆ ಜೋತುಬೀಳುತ್ತದೆ, ಪಾಪೆ ಕಿರಿದಾಗುತ್ತದೆ.

ಇದು ಹೊಸ ಸಾಹಸವಲ್ಲ. 1916ರಲ್ಲೇ ಬುಖಾರೆಸ್ಟ್‌ನ ಶಸ್ತ್ರವೈದ್ಯ ಯೊನೆಸ್ಕು ಎದೆನೋವಿನ ರೋಗಿಯೊಬ್ಬರ ಈ ನರ ತೆಗೆದಿದ್ದರು. ಲಾಂಗ್ ಕ್ಯೂಟಿಗೆ ಇದನ್ನು ಬಳಸಿದ ವರದಿಯನ್ನು ಅಮೆರಿಕದ ಮಾಸ್ ಮತ್ತು ಮೆಕ್‌ಡೊನಾಲ್ಡ್ 1971ರಲ್ಲಿ ಬರೆದರು. ಇಟಲಿಯ ಪೀಟರ್ ಶ್ವಾರ್ಟ್ಸ್ ತಂಡ 2004ರಲ್ಲಿ 147 ರೋಗಿಗಳ ಲೆಕ್ಕ ಕೊಟ್ಟಿತು: ವರ್ಷಕ್ಕೆ ಆಗುತ್ತಿದ್ದ ಹೃದಯದ ಅವಘಡಗಳು ಸರಾಸರಿ 91% ಇಳಿದಿದ್ದವು. ಆದರೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ತೊಂದರೆ ಪೂರ್ತಿ ಹೋಗಿರಲಿಲ್ಲ. ಹಾಗಾಗಿ ಮಾತ್ರೆ ಬಿಡುವಂತಿಲ್ಲ. ಐಸಿಡಿ ಬೇಕಾದವರಿಗೆ ಅದೂ ಬೇಕು.

ಹೃದಯಾಘಾತದಂಥ ಕಾರಣಕ್ಕೆ ಹೃದಯದ ಸ್ನಾಯು ಹಾಳಾದವರಲ್ಲಿ ಎರಡೂ ಬದಿಯ ನರ ತೆಗೆಯುವುದುಂಟು. ಅಲ್ಲಿ ಫಲ ಇಷ್ಟಿಲ್ಲ: 2017ರಲ್ಲಿ 121 ರೋಗಿಗಳ ಅಧ್ಯಯನದಲ್ಲಿ ಒಂದು ವರ್ಷ ಶಾಕ್ ಇಲ್ಲದೆ ಕಳೆದವರು 58%.

ಮಗುವಿಗೆ ಮಾತ್ರೆ ಒಗ್ಗುತ್ತಿಲ್ಲ, ಶಾಕ್ ನಿಲ್ಲುತ್ತಿಲ್ಲ ಅನ್ನುವ ಅಪ್ಪ ಅಮ್ಮ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಹೃದಯತಜ್ಞರನ್ನು ಕೇಳಲೇಬೇಕು.

[ತೆರೆ: ಆಟದ ಮೈದಾನ.]

ಆಪರೇಷನ್ ಆದ ಮೇಲೆ ಎಡಗೈ ಬೆವರದೆ ಬೆಚ್ಚಗಿರಬಹುದು. ಬಿಸಿಲಲ್ಲಿ ಸುತ್ತಾಡಿ ಬಂದ ಮಗುವಿನ ಬಲಗೆನ್ನೆ ಮಾತ್ರ ಕೆಂಪೇರಿ ಬೆವರಬಹುದು, ಎಡಗೆನ್ನೆ ಹಾಗೇ ಇರಬಹುದು. ನೋಡಿ ಗಾಬರಿಯಾಗಬೇಡಿ. ನರ ಹೋದದ್ದಕ್ಕೆ ಅದು ಗುರುತು.