ಬೀಗ ಬಿಚ್ಚಿ ತೋರಿಸಿದ ಕಾಡಿನ ಕಂಟ್ರಾಕ್ಟರ್

ದೂರದರ್ಶನದಲ್ಲಿ 'ಚಂದ್ರಕಾಂತಾ' ನೋಡಿದವರು ಎಷ್ಟು ಜನ ಇದ್ದೀರಿ? ಶುರುವಾಗಿದ್ದು 1994ರಲ್ಲಿ. ನಮ್ಮ ಬೀದಿಯಲ್ಲಿ ಯಾರಿಗೂ ಹಿಂದಿ ನೆಟ್ಟಗೆ ಬರುತ್ತಿರಲಿಲ್ಲ. ಆದರೂ ಕ್ರೂರಸಿಂಗ್ 'ಯಕ್ಕೂ' ಅಂದರೆ ಸಾಕು, ಮಕ್ಕಳೆಲ್ಲ 'ಯಕ್ಕೂ'! ಈ ಕಥೆ ಬರೆದವರು ಯಾರು ಅಂತ ಕೇಳುವ ಬುದ್ಧಿ ನನಗೆ ಬಂದಿದ್ದು ಎಷ್ಟೋ ವರ್ಷ ಕಳೆದ ಮೇಲೆ.

ದೇವಕೀನಂದನ ಖತ್ರಿ. ಹುಟ್ಟಿದ್ದು 1861, ತೀರಿಕೊಂಡಿದ್ದು 1913. ಮೇಷ್ಟ್ರಲ್ಲ, ಪಂಡಿತರಲ್ಲ. ಕಾಶಿ ಮಹಾರಾಜರ ಚಕಿಯಾ, ನೌಗಢ ಕಾಡುಗಳ ಗುತ್ತಿಗೆ ಹಿಡಿದಿದ್ದ ಕಂಟ್ರಾಕ್ಟರ್! ಕಾಡು ಸುತ್ತುವಾಗ ಪಾಳುಕೋಟೆ, ಗುಹೆಗಳನ್ನು ನೋಡಿದರು. ಗುತ್ತಿಗೆ ಕೈತಪ್ಪಿತು, ಕಾಡು ತಲೆಯಲ್ಲೇ ಉಳಿಯಿತು. ಕಥೆಯಲ್ಲಿ ಬರುವ ನೌಗಢ, ವಿಜಯಗಢ, ಚುನಾರ್ ಎಲ್ಲ ನಿಜವಾದ ಊರುಗಳೇ.

ಅವರ ಕಥೆಗಳ ಜೀವ ಅಂದರೆ ಐಯಾರರು. ಅರ್ಧ ಗೂಢಚಾರ, ಅರ್ಧ ವೇಷಗಾರ. ಹತ್ತಿರ ಒಂದು ಬಟುವಾ. ಅದರಲ್ಲಿ ಪ್ರಜ್ಞೆ ತಪ್ಪಿಸುವ ಪುಡಿ, ಮತ್ತೆ ಎಚ್ಚರ ಬರಿಸಲು ಮೂಗಿಗೆ ಹಿಡಿಯುವ ಲಖಲಖಾ. ಶತ್ರುವನ್ನು ಕೊಲ್ಲೋದು ಕಡಿಮೆ. ಮೂರ್ಛೆ ಬೀಳಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಬೆನ್ನಿಗೆ ಹಾಕಿಕೊಂಡು ಹೊರಡುವುದೇ ಜಾಸ್ತಿ. ನಿಜ ಹೇಳಬೇಕಂದ್ರೆ, 'ಚಂದ್ರಕಾಂತಾ'ದ ಮುಂದುವರಿಕೆಯಾದ 24 ಭಾಗದ 'ಚಂದ್ರಕಾಂತಾ ಸಂತತಿ'ಯಲ್ಲಿ ಇಷ್ಟು ಜನ ಮೂರ್ಛೆ ಹೋಗ್ತಾರಲ್ಲ, ನನಗೂ ಸಾಕಾಗಿ ನಿದ್ದೆ ಬಂದಿತ್ತು.

ಆದರೆ ನನಗೆ ಹಿಡಿಸಿದ್ದು ಇನ್ನೊಂದು ವಿಷಯ. ಖತ್ರಿಯವರ ತಿಲಿಸ್ಮ್ ಇದೆಯಲ್ಲ, ನಿಧಿ ಕಾಯುವ ಮಾಯಾಮಂದಿರ, ಅದರಲ್ಲಿ ಮಂತ್ರವಿಲ್ಲ! ತಾನಾಗಿ ತೆರೆಯುವ ಬಾಗಿಲು, ಅಲುಗಾಡುವ ಗೊಂಬೆ, ಎಲ್ಲದಕ್ಕೂ ಒಳಗೆ ಯಾವುದೋ ಯಂತ್ರ, ಯಾವುದೋ ಕರಾಮತ್ತು. ಮೊದಲು ನಮ್ಮನ್ನು ಹೆದರಿಸುತ್ತಾರೆ, ಆಮೇಲೆ ಬೀಗ ಬಿಚ್ಚಿ ತೋರಿಸುತ್ತಾರೆ. ಇದು ಪತ್ತೇದಾರಿ ಬರೆಯುವವರ ಬುದ್ಧಿ ಅಲ್ವಾ? ಇನ್ನೊಂದು ಕಾದಂಬರಿಗೆ 'ಕಟೋರಾ ಭರ್ ಖೂನ್' ಅಂತ ಹೆಸರಿಟ್ಟವರು, ಅಂದರೆ ಬಟ್ಟಲು ತುಂಬ ರಕ್ತ, ದೆವ್ವದ ತಲೆಗೆ ಕಟ್ಟಿ ಸುಮ್ನೆ ಕೂರುವವರಲ್ಲ.

ಆಗ ಕಾಶಿ ಕಡೆಯ ಸರ್ಕಾರಿ ಕಚೇರಿಗಳಲ್ಲಿ ಉರ್ದುವಿನದೇ ಓಟ. ಹಿಂದಿ ಬರೆಯುವ ನಾಗರಿ ಲಿಪಿಗೆ ಅಲ್ಲಿ ಜಾಗ ಸಿಕ್ಕಿದ್ದು 1900ರಲ್ಲಿ. ಅದಕ್ಕೂ ಮೊದಲೇ ಜನ ಖತ್ರಿಯವರನ್ನು ಓದೋಕೆ ಅಂತಲೇ ಹಿಂದಿ ಕಲಿತರಂತೆ. ವಿಮರ್ಶಕ ರಾಮಚಂದ್ರ ಶುಕ್ಲರು ಕೂಡ ಒಪ್ಪಿಕೊಂಡರು, ಇಷ್ಟು ಓದುಗರನ್ನು ಇನ್ಯಾರೂ ಹುಟ್ಟಿಸಲಿಲ್ಲ ಅಂತ. ಹಿಂದೆಯೇ, ಆದರೆ ಇದು ಸಾಹಿತ್ಯದ ದರ್ಜೆಗೆ ಬರೋದಿಲ್ಲ ಅಂದರು. ಊರಿಗೆಲ್ಲ ಊಟ ಹಾಕಿದವನಿಗೆ ಅಡುಗೆ ಬರೋದಿಲ್ಲ ಅಂದ ಹಾಗಾಯ್ತು! ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಗೂ ಇದೇ ಗತಿ. ಪಠ್ಯಪುಸ್ತಕದ ಅಡಿಯಲ್ಲಿ ಬಚ್ಚಿಟ್ಟು ಓದಿದವರೇ ದೊಡ್ಡವರಾದ ಮೇಲೆ ಹೆಸರು ಹೇಳಲು ಸಂಕೋಚಪಟ್ಟರು.

ಖತ್ರಿ 1898ರಲ್ಲಿ ಕಾಶಿಯಲ್ಲಿ ತಮ್ಮದೇ ಲಹರಿ ಪ್ರೆಸ್ ತೆರೆದರು. ಕೊನೆಗೆ ಕೈಗೆತ್ತಿಕೊಂಡಿದ್ದು 'ಭೂತನಾಥ'. 'ಸಂತತಿ'ಯಲ್ಲಿ ಬರುವ, ಒಳ್ಳೆಯವನೋ ಕೆಟ್ಟವನೋ ಗೊತ್ತಾಗದ ಆ ಐಯಾರನದೇ ಕಥೆ. ಆರು ಭಾಗ ಆಗುವಷ್ಟರಲ್ಲಿ ತೀರಿಕೊಂಡರು. ಮಿಕ್ಕಿದ್ದನ್ನು ಮಗ ದುರ್ಗಾಪ್ರಸಾದ ಬರೆದರು. ಅಪ್ಪ ಬಿಟ್ಟ ಕಡೆ ಹೊಲಿಗೆ ಕಾಣುತ್ತಾ ಅಂತ ನೋಡೋಣ ಅಂದುಕೊಂಡು ಮೊದಲ ಭಾಗ ತೆರೆದಿದ್ದೇನೆ. ಮೂವತ್ತನೇ ಪುಟ. ಇಷ್ಟರಲ್ಲೇ ನನ್ನ ಎರಡು ಊಹೆ ತಲೆಕೆಳಗು.