ಮೋತಿ ಹೋದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ನಾಯಿ ಸತ್ತ ಮನೆಗೆ ಯಾರೂ ಮಾತಾಡಿಸಲು ಬರುವುದಿಲ್ಲ. ಬಂದವರೂ "ಒಂದು ನಾಯಿ ಸತ್ತಿದ್ದಕ್ಕ ಇಷ್ಟ್ಯಾಕ್ರೀ ಹಚ್ಕೊಂಡೀರಿ?" ಅಂತ ಕೇಳಿ ಹೋಗುತ್ತಾರೆ. ಕೆಟ್ಟವರೇನಲ್ಲ. ನಾಯಿ ಸಾಕಿದವರಲ್ಲ, ಅಷ್ಟೇ.

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ಮೋತಿ ಇತ್ತು. ಮುಧೋಳದ್ದೂ ಅಲ್ಲ, ಪಮೇರಿಯನ್ನೂ ಅಲ್ಲ. ಗಟಾರದ ಪಕ್ಕ ಕುಂಯ್‌ಗುಡುತ್ತಿದ್ದ ಬೀದಿ ಕುನ್ನಿ. "ಅಂಗಳದಾಗಷ್ಟ ಇರಲಿ" ಅಂದರು ಅತ್ತೆ. ಕೆಲವೇ ದಿನದಲ್ಲಿ ಅವರ ಹೊರಸಿನ ಕೆಳಗೇ ಅದರ ಹಾಸಿಗೆ! ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ ಅಂದರೆ ಪ್ರಾಣ. ನಮ್ಮೂರಿನ ಜಿಟಿಜಿಟಿ ಮಳೆಯಲ್ಲಿ ತೊಯ್ದು ಬಂದು, ಮಡಿಚಿಟ್ಟ ಬಟ್ಟೆಯ ಪಕ್ಕವೇ ಮೈ ಝಾಡಿಸಬೇಕು. ದೀಪಾವಳಿ ಬಂತೆಂದರೆ ಶೂರತನವೆಲ್ಲ ಬಚ್ಚಲುಮನೆ ಸೇರುತ್ತಿತ್ತು. ನಮ್ಮ ಮನೆಯವರ ಸ್ಕೂಟರ್ ಓಣಿಯ ತಿರುವಿನಲ್ಲಿರುವಾಗಲೇ ಗೇಟಿಗೆ ಓಟ. ಮನೆಯ ಮನುಷ್ಯರು ಯಾರೂ ದಿನಾ ಹಾಗೆ ಎದುರು ಬರುವುದಿಲ್ಲ, ಅಲ್ವಾ?

ಆಯಸ್ಸಿನ ಲೆಕ್ಕವೇ ಮೋಸದ್ದು. ಸಾಮಾನ್ಯವಾಗಿ ನಾಯಿ ಬಾಳುವುದು 10ರಿಂದ 13 ವರ್ಷ. ಮಗಳು ಒಂದನೇ ತರಗತಿಯಲ್ಲಿದ್ದಾಗ ಬಂದ ಕುನ್ನಿ, ಅವಳು ಕಾಲೇಜು ಸೇರುವಷ್ಟರಲ್ಲಿ ಮುದಿ. ಮೋತಿ ನೀರು ಜಾಸ್ತಿ ಕುಡಿಯತೊಡಗಿತು, ಸೊರಗಿತು. ಕಿಡ್ನಿ ಹೋಗಿದೆ ಅಂದರು ಡಾಕ್ಟರು. ಕೊನೆಗೆ ರೊಟ್ಟಿಯನ್ನೂ ಮೂಸಿ ಬಿಟ್ಟಿತು.

ಮಕ್ಕಳಿಗೆ "ನಾಯೀನ ಹೊಲಕ್ಕ ಕಳಿಸೇವಿ" ಅಂತ ಸುಳ್ಳು ಹೇಳುವವರಿದ್ದಾರೆ. ನನಗದು ಸೇರುವುದಿಲ್ಲ. ಮಕ್ಕಳು ಕಾಯುತ್ತಾ ಕೂರುತ್ತವೆ. ಸತ್ತಿತು ಅಂತಲೇ ಹೇಳಿ, ಜೊತೆಗೆ ಕೂತು ಅಳಿ.

ನಾಯಿಗಾಗಿ ಅಳುವುದು ಈಗಿನವರ ಶೋಕಿ ಅನ್ನುವವರಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ತೋರಿಸಬೇಕು. ಸುಮಾರು 950ರದ್ದು. ರಾಷ್ಟ್ರಕೂಟರು ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರ, ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಕಾಳಿ ಕಾಡುಹಂದಿಯ ಮೇಲೆ ಬಿದ್ದಾಗ ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಪೂಜಾರಿ ಉಣ್ಣಬಾರದು ಅಂತಲೂ ಬರೆಸಿದ. ಅಷ್ಟು ದೂರ ಯಾಕೆ, ನಮ್ಮ ಹಾವೇರಿ ಜಿಲ್ಲೆಯ ದೇವರಗುಡ್ಡಕ್ಕೆ ಹೋಗಿ ನೋಡಿ. ಕಂಬಳಿ ಹೊದ್ದ ಗೊರವಯ್ಯಗಳು ಮೈಲಾರಲಿಂಗನ ನಾಯಿಗಳಾಗಿ ಬೊಗಳುತ್ತ, ದೋಣಿ ಎಂಬ ಭಿಕ್ಷಾಪಾತ್ರೆಗೆ ಬಾಯಿ ಹಾಕಿಯೇ ಉಣ್ಣುತ್ತಾರೆ.

ಇನ್ನೊಂದು ನಾಯಿ ಯಾವಾಗ ತರಬೇಕು? ಅದಕ್ಕೆ ಪಂಚಾಂಗವಿಲ್ಲ. ಆದರೆ ಹಳೆಯದು ಪಾರ್ವೊ ಎಂಬ ಅಂಟುರೋಗದಿಂದ ಸತ್ತಿದ್ದರೆ ಅವಸರ ಬೇಡ. ಆ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೊಸ ಕುನ್ನಿಯ ಲಸಿಕೆಗಳೆಲ್ಲ ಮುಗಿದ ಮೇಲೆ ತನ್ನಿ. ಮತ್ತೆ, ಹಳೆಯ ಹೆಸರು ಇಡಬೇಡಿ. ನಮ್ಮ ಓಣಿಯಲ್ಲೊಬ್ಬರು ಸಾಕಿದ ನಾಯಿಗೆಲ್ಲ ರಾಜಾ ಅಂತಲೇ ಹೆಸರು. ಈಗಿನ ರಾಜಾ ಬೆಕ್ಕು ಕಂಡರೆ ಓಡುತ್ತದೆ. "ಮೊದಲಿನ ರಾಜಾ ಹಿಂಗಿದ್ದಿಲ್ಲ" ಅಂತ ಪಾಪ, ದಿನಾ ಬೈಸಿಕೊಳ್ಳುತ್ತದೆ.

ನಮಸ್ಕಾರ.